ಸರದಿ ಪೂಜೆಯ ದಿನ ಕಟ್ಟಿಕೊಂಡ ಮೋರಿ

"ಮೋರಿ ಕಟ್ಕೊಂಡ್ರೆ ಮೊದ್ಲು ಮಾಡ್ಬೇಕಾದ ಕೆಲ್ಸ ಏನು ಗೊತ್ತಾ? ಕೈ ಕಟ್ಕೊಂಡು ನಿಂತ್ಕೊಳ್ಳೋದು. ನಗ್ಬೇಡಿ, ನಿಜ ಹೇಳ್ತಿದೀನಿ. ಎಲ್ರೂ ಏನ್ಮಾಡ್ತಾರೆ, ಗಾಬರಿ ಬಿದ್ದು ಇನ್ನೊಂದು ಬಕೆಟ್ ನೀರು ಸುರೀತಾರೆ. ಗಂಟಲಲ್ಲಿ ತುತ್ತು ಸಿಕ್ಕೊಂಡೋನ ಬಾಯಿಗೆ ಇನ್ನೊಂದು ತುತ್ತು ತುರುಕಿದ ಹಾಗೆ! ನೀರು ಸುರೀಬೇಡಿ. ನಲ್ಲಿ ನಿಲ್ಸಿ. ಕಕ್ಕಸಿನ ಚೈನು ಎಳೆಯೋಕೆ ಯಾರನ್ನೂ ಬಿಡ್ಬೇಡಿ, ಬಿಷಪ್ಪರೇ ಬಂದ್ರೂ ಬಿಡ್ಬೇಡಿ. ಆಮೇಲೆ ಹೋಗಿ ದೂರದ ಮುಚ್ಚಳ ತೆಗ್ದು ನೋಡಿ. ಆ ಗುಂಡಿ ತುಂಬಿದ್ರೆ ಕಟ್ಟಿರೋದು ಅದರಾಚೆ. ಒಣಗಿದ್ರೆ ಕಟ್ಟಿರೋದು ಅದಕ್ಕೂ ಮನೆಗೂ ನಡುವೆ. ಇಷ್ಟೇ ವಿದ್ಯೆ. ನಂಗೆ ಇದನ್ನ ಹೇಳ್ಕೊಟ್ಟೋನು ಬಂಡೋರನ್ ಊರಿನ ಹೋಟೆಲಲ್ಲಿ ಮೋರಿ ನೋಡ್ಕೊಳ್ತಿದ್ದ ಮುದುಕ ಹ್ಯೂಯಿ. ಹನ್ನೊಂದು ವರ್ಷ ಅಲ್ಲಿ ಹಾಸಿಗೆ ಬಟ್ಟೆ ಒಗ್ದೆ. ವಾರಕ್ಕೊಂದ್ಸಲ ಎಲ್ಲೋ ಒಂದ್ಕಡೆ ಕಟ್ಕೊಳ್ತಿತ್ತು. ಅವನ ಹಿಂದೆ ಲಾಟೀನು ಹಿಡ್ಕೊಂಡು ನಿಲ್ಲೋಕೆ ಬೇರೆ ಯಾವ ಹುಡುಗೀನೂ ಒಪ್ತಿರ್ಲಿಲ್ಲ. ನಾನು ನಿಂತೆ. ನಿಂತಿದ್ದಕ್ಕೆ ಕಲ್ತೆ."

ಡೀಲಿಯಾ ಗಿಲ್‌ಮಾರ್ಟಿನ್ ಈ ಮಾತು ಶುರುಮಾಡಿದಳೆಂದರೆ ಒಲೆಯ ಮೇಲಿನ ಕೆಟಲು ಎರಡು ಸಲ ಕುದ್ದು ಆರಿರುತ್ತದೆ. ಕೇಳುವವರೂ ಏಳುವುದಿಲ್ಲ. ಸರದಿ ಪೂಜೆಯ ದಿನದ ಕಥೆ ಮುಂದೆ ಬರುತ್ತದೆಂದು ಅವರಿಗೆ ಗೊತ್ತು.

ವರ್ಷಕ್ಕೆರಡು ಸಲ, ವಸಂತದಲ್ಲೊಂದು, ಸುಗ್ಗಿ ಮುಗಿದ ಮೇಲೊಂದು, ಬಲಿಪೂಜೆ ಚರ್ಚು ಬಿಟ್ಟು ಊರೊಳಗಿನ ಒಂದು ಮನೆಗೆ ಬರುತ್ತದೆ. ಈ ಓಣಿಯಲ್ಲಿ ಹದಿನಾಲ್ಕು ಮನೆ. ಅಂದರೆ ಒಂದು ಮನೆಗೆ ಏಳು ವರ್ಷಕ್ಕೊಮ್ಮೆ ಸರದಿ. ಸರದಿ ಬಂದ ಮನೆಯವರು ಆರು ತಿಂಗಳು ಮೊದಲೇ ಸುಣ್ಣ ಬಣ್ಣಕ್ಕೆ ಇಳಿಯುತ್ತಾರೆ. ಏಳು ವರ್ಷ ನೋಡದ ಮೂಲೆಗೂ ಅಂದು ಪೊರಕೆ ಬೀಳುತ್ತದೆ. ಊರಿಗೆ ಊರೇ ಬಂದು ಅಡುಗೆಮನೆಯಲ್ಲಿ ಮಂಡಿಯೂರುತ್ತದೆ, ಮಂಡಿಯೂರಿದವರ ಕಣ್ಣು ಮಾತ್ರ ಪರದೆಯ ಅಂಚಿನ ಮೇಲೇ ಇರುತ್ತದೆ.

ಡೀಲಿಯಾ ಸೊಸೆಯಾಗಿ ಬಂದ ಮೇಲೆ ಗಿಲ್‌ಮಾರ್ಟಿನ್ ಮನೆಗೆ ಎರಡು ಸಲ ಸರದಿ ಬಂದಿತ್ತು. ಎರಡು ಸಲವೂ ಅತ್ತೆ ಪಾದ್ರಿಗಳಿಗೆ "ಮನೆ ಚಿಕ್ಕದು ಫಾದರ್, ಮುಂದಿನವರಿಗೆ ಕೊಡಿ" ಎಂದು ಹೇಳಿಕಳಿಸಿದ್ದಳು. ಮನೆ ಚಿಕ್ಕದೇನೂ ಅಲ್ಲ. ಗೋಡೆಯಾಚೆಯಿಂದ ಡೀಲಿಯಾ ಕಿವಿಯಾರೆ ಕೇಳಿದ್ದ ಮಾತು ಬೇರೆ: "ಊರಿನವರ ಕೊಳೆ ಬಟ್ಟೆ ಒಗೆದ ಕೈಯಲ್ಲಿ ಅವಳು ಫಾದರಿಗೆ ಟೀ ಕೊಡೋದನ್ನ ನಾನು ನೋಡಲಾರೆ." ಡೀಲಿಯಾ ಅದನ್ನು ಗಂಡ ಮ್ಯಾಟಿಗೂ ಹೇಳಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅತ್ತೆ ತೀರಿಕೊಂಡ ಮೂರನೆಯ ವರ್ಷ, ಎಂಬತ್ತೇಳರ ಮೇ ತಿಂಗಳಿಗೆ, ಸರದಿ ಮತ್ತೆ ಬಂತು. ಈ ಸಲ ಡೀಲಿಯಾ ತಾನೇ ಪಾದ್ರಿಮನೆಗೆ ನಡೆದುಹೋಗಿ "ನಮ್ಮಲ್ಲೇ ಆಗಲಿ" ಎಂದು ಹೇಳಿ ಬಂದಳು.

ಪೂಜೆ ಗುರುವಾರ ಸಂಜೆ ಏಳಕ್ಕೆ. ಮ್ಯಾಟಿಯ ಅಕ್ಕ ಅಟ್ರಾಕ್ಟಾ "ಸಹಾಯಕ್ಕೆ" ಎಂದು ಸೋಮವಾರವೇ ಬಂದಿಳಿದಿದ್ದಳು. ಮದುವೆಯಾಗಿ ಬೇರೆ ಊರು ಸೇರಿ ಮೂವತ್ತು ವರ್ಷವಾದರೂ ಈ ಅಡುಗೆಮನೆಯ ಚಮಚಗಳು ಯಾವ ಡ್ರಾಯರಿನಲ್ಲಿ ಇರಬೇಕೆಂದು ಅವಳೇ ಹೇಳಬೇಕು. ಡೀಲಿಯಾ ಇಟ್ಟದ್ದನ್ನು ಅಟ್ರಾಕ್ಟಾ ತೆಗೆದಿಡುವಳು, ಅಟ್ರಾಕ್ಟಾ ತೆಗೆದಿಟ್ಟದ್ದನ್ನು ಡೀಲಿಯಾ ಮಾತಿಲ್ಲದೆ ಮತ್ತೆ ಮೊದಲಿನ ಜಾಗಕ್ಕೆ ತಂದಿಡುವಳು.

ಗುರುವಾರ ಹನ್ನೆರಡೂವರೆಗೆ ಎಲ್ಲ ಮುಗಿದಂತಿತ್ತು. ಹಂದಿಯ ತೊಡೆ ಬೆಂದಿತ್ತು. ಎಂಟು ಸೋಡಾ ಬ್ರೆಡ್ಡು ಬಟ್ಟೆ ಹೊದ್ದು ತಣಿಯುತ್ತಿದ್ದವು. ಎರವಲು ತಂದ ನಲವತ್ತು ಕಪ್ಪು ಮೇಜಿನ ಮೇಲೆ ಬಿಳಿ ಕೋಳಿಗಳ ಹಾಗೆ ಕೂತಿದ್ದವು. ಮ್ಯಾಟಿ ಟ್ರಾಕ್ಟರು ಹೊಡೆದುಕೊಂಡು ಬೆಂಚು ತರಲು ಹೋಗಿದ್ದ. ಅಟ್ರಾಕ್ಟಾ ಕಕ್ಕಸಿನಲ್ಲಿ ಚೈನು ಎಳೆದದ್ದೇ ತಡ, ಹಿತ್ತಲ ಬಾಗಿಲ ಪಕ್ಕದ ಮೋರಿಯ ಜಾಲರಿ ಗಡಗಡ ಅಂದು ಮೇಲೆದ್ದಿತು. ಮಾಂಸ ಬೇಯಿಸಿದ ಜಿಡ್ಡು ನೀರು, ಅದರ ಜೊತೆ ಬರಬಾರದ್ದು, ಎಲ್ಲ ಉಕ್ಕಿ ಹೊಸ ಸುಣ್ಣದ ಗೋಡೆಯ ಬುಡಕ್ಕೆ ಹರಿದು, ಹೊಸ್ತಿಲಿಗೆ ನಾಲಿಗೆ ಚಾಚಿತು. ಸುಣ್ಣದ ವಾಸನೆಯನ್ನು ಆ ನಾತ ಒಂದೇ ನಿಮಿಷದಲ್ಲಿ ನುಂಗಿಹಾಕಿತು.

"ದೇವರೇ! ನಾ ಹೇಳ್ಲಿಲ್ವಾ?" ಅಟ್ರಾಕ್ಟಾ ಸೆರಗಿನಂತೆ ಏಪ್ರನ್ನಿನ ತುದಿಯನ್ನು ಮೂಗಿಗೆ ಒತ್ತಿಕೊಂಡಳು. "ಅಮ್ಮ ಸುಮ್ನೆ ಬೇಡ ಅಂತಿದ್ಲಾ? ಈಗ್ಲೇ ಕಿಲ್‌ಕಲೆನ್ ಮನೆಗೆ ಫೋನ್ ಮಾಡ್ತೀನಿ. ಮುಂದಿನ ಸರದಿ ಅವರದ್ದೇ. ಹೊಸ ಮನೆ, ಎರಡೆರಡು ಕಕ್ಕಸು ಇದೆ. ಪೂಜೆ ಅಲ್ಲೇ ಆಗ್ಲಿ."

"ಫೋನ್ ಮುಟ್ಬೇಡಿ ಅಟ್ರಾಕ್ಟಾ."

"ಇಲ್ಲಿ ಕರೆಸ್ತೀಯಾ ಫಾದರ್‌ನ? ಈ ನಾತದಲ್ಲಿ?"

ಇವತ್ತು ತಪ್ಪಿದರೆ ಇನ್ನು ಏಳು ವರ್ಷ. ಏಳು ವರ್ಷವೂ ಹದಿಮೂರು ಮನೆಯ ಒಲೆಯ ಮುಂದೆ, ಮುದುಕಿ ಹೇಳಿದ್ದು ಸರಿಯಾಗಿತ್ತು ನೋಡಿ ಎಂಬ ಮಾತು. ಡೀಲಿಯಾಗೆ ಅದೆಲ್ಲ ಒಂದು ಕ್ಷಣದಲ್ಲಿ ಕಣ್ಣಮುಂದೆ ಬಂತು. ಕೈ ಕಟ್ಟಿಕೊಂಡು ನಿಂತಳು. ಆಮೇಲೆ ಹೇಳಿದಳು:

"ನಾಲ್ಕು ಗಂಟೆವರೆಗೆ ಕೊಡಿ. ನಾಲ್ಕಕ್ಕೆ ನೀರು ಹೋಗ್ದಿದ್ರೆ ನಾನೇ ಫೋನ್ ಮಾಡ್ತೀನಿ. ನನ್ನ ಬಾಯಿಂದಲೇ ಹೇಳ್ತೀನಿ. ಅಲ್ಲೀವರೆಗೂ ಒಂದು ತೊಟ್ಟು ನೀರೂ ಕೆಳಗೆ ಬಿಡೋ ಹಾಗಿಲ್ಲ."

ಅಟ್ರಾಕ್ಟಾ ಗಡಿಯಾರದ ಕೆಳಗೆ ಕುರ್ಚಿ ಎಳೆದುಕೊಂಡು, ಕೈಯಲ್ಲಿ ಜಪಮಾಲೆ ಹಿಡಿದು ಕೂತಳು.

ಡೀಲಿಯಾ ಗುದ್ದಲಿ ತಗೊಂಡು ಬೇಲಿಯ ಬಳಿ ಹೋದಳು. ಬಿಳಿ ಹೂ ಬಿಟ್ಟಿದ್ದ ಮುಳ್ಳುಮರದ ಕೆಳಗಿನ ಕಬ್ಬಿಣದ ಮುಚ್ಚಳ ಎಬ್ಬಿಸಿದಳು. ಗುಂಡಿ ಒಣಗಿ ಬೆಣಚುಕಲ್ಲಿನಂತಿತ್ತು, ಒಂದು ಜೇಡ ಅಲ್ಲಿ ಸಂಸಾರ ಹೂಡಿತ್ತು. ಅಂದರೆ ಕಟ್ಟಿರುವುದು ಇಲ್ಲಿಗೂ ಮನೆಗೂ ನಡುವೆ.

ಅಷ್ಟರಲ್ಲಿ ಪಕ್ಕದ ಹೊಲದ ಪ್ಯಾಕಿ ಸೈಕಲ್ಲಿಗೆ ಮೋರಿ ಕೋಲುಗಳ ಕಟ್ಟು ಬಿಗಿದುಕೊಂಡು ಬಂದ. ಅರವತ್ತು ದಾಟಿದ ಬ್ರಹ್ಮಚಾರಿ. ಊರಲ್ಲಿ ಯಾವ ಕೆಲಸ ಕೆಟ್ಟರೂ ಮೊದಲು ಹಾಜರ್, ಕೆಲವು ಸಲ ಕೆಡುವುದಕ್ಕೂ ಮೊದಲೇ. ಹತ್ತು ಕೋಲು, ಒಂದರ ತುದಿಗೆ ಇನ್ನೊಂದನ್ನು ತಿರುಪಿ ಉದ್ದ ಮಾಡುವಂಥವು.

"ಕೆಳಗಿನಿಂದ ಹೋಗೋಣ ಪ್ಯಾಕಿ. ಈ ಗುಂಡಿ ಒಣಗಿದೆ, ಕೆಲ್ಸ ಮಾಡೋಕೆ ಜಾಗ ಇದೆ."

"ಛೆ ಛೆ. ಔಷಧಿನ ಬಾಯಿಂದಲೇ ಹಾಕ್ಬೇಕು ತಾಯಿ, ಬಾಲದಿಂದ ಯಾರಾದ್ರೂ ಹಾಕ್ತಾರಾ? ನೀನು ಪಕ್ಕಕ್ಕೆ ನಿಂತ್ಕೋ. ಗಂಡಸ್ರ ಕೆಲ್ಸ ಇದು."

ಮನೆಗೆ ಬಂದವನ ಹತ್ತಿರ ಜಗಳವೇಕೆ ಎಂದು ಡೀಲಿಯಾ ಪಕ್ಕಕ್ಕೆ ನಿಂತಳು. ಅವತ್ತು ಅವಳು ಮಾಡಿದ ತಪ್ಪು ಅದೊಂದೇ. ಪ್ಯಾಕಿ ಜಾಲರಿ ತೆಗೆದು ಆರು ಕೋಲು ಇಳಿಸಿದ. ಏನೋ ತಗುಲಿತು. ಎರಡು ಗಂಟೆ ಹೊತ್ತು ಅಲ್ಲಾಡಿಸಿದ, ತಳ್ಳಿದ, ಬೈದ, ಮುಖ ಕೆಂಪಾಗುವವರೆಗೆ ತಿರುಗಿಸಿದ. ಎಳೆದಾಗ ಎರಡೇ ಕೋಲು ಕೈಗೆ ಬಂದವು.

"ಪ್ಯಾಕಿ, ಯಾವ ಕಡೆ ತಿರುಗ್ಸಿದೆ?"

"ತಿರುಗೋ ಕಡೆ."

"ಎಡಕ್ಕೆ ತಿರುಗ್ಸಿದ್ರೆ ತಿರುಪು ಬಿಚ್ಕೊಳ್ಳುತ್ತೆ ಕಣಪ್ಪಾ! ಬಲಕ್ಕೆ ಮಾತ್ರ ತಿರುಗಿಸ್ಬೇಕು, ಇಳಿಸುವಾಗ್ಲೂ ಬಲಕ್ಕೇ, ಎಳೆಯುವಾಗ್ಲೂ ಬಲಕ್ಕೇ."

ಪ್ಯಾಕಿ ಕೈಯಲ್ಲಿದ್ದ ಎರಡು ಕೋಲನ್ನು ನೋಡಿದ, ಮೋರಿಯನ್ನು ನೋಡಿದ. "ಹಾಗಾದ್ರೆ ನಾಲ್ಕು ಒಳಗಿದೆ," ಎಂದು ಮೆಲ್ಲಗೆ ಹೇಳಿದ.

"ಮೂರೂ ಹತ್ತು," ಅಂತ ಒಳಗಿಂದ ಅಟ್ರಾಕ್ಟಾಳ ದನಿ.

ಡೀಲಿಯಾ ಕಾಲುಚೀಲ ಕಳಚಿದಳು. ಗಂಡನ ರಬ್ಬರು ಬೂಟು ಹಾಕಿಕೊಂಡಳು. ಉಳಿದ ಆರು ಕೋಲು ಎತ್ತಿಕೊಂಡು, ತುದಿಗೆ ಬಿರಡೆ ಕೀಳುವ ಸುರುಳಿಯಂಥ ಕೊಕ್ಕೆ ಹಾಕಿ, ಮುಳ್ಳುಮರದ ಕೆಳಗೆ ಬೋರಲು ಮಲಗಿದಳು. ಭುಜದವರೆಗೆ ತೋಳು ಗುಂಡಿಯೊಳಗೆ. ಕೋಲನ್ನು ಮನೆಯ ಕಡೆಗೆ ಮೇಲ್ಮುಖವಾಗಿ ತೂರಿಸಿ ಬಲಕ್ಕೆ, ಬಲಕ್ಕೆ, ಬಲಕ್ಕೆ ತಿರುಗಿಸುತ್ತ ಹೋದಳು. ನಾಲ್ಕನೆಯ ಕೋಲು. ಐದನೆಯದು. ಅಲ್ಲಿ ಮೆತ್ತಗೆ ಏನೋ, ಜಿಡ್ಡು. ಅದರೊಳಗೆ ಗಟ್ಟಿಯಾಗಿ ಇನ್ನೇನೋ.

ಅವಳು ತಳ್ಳಲಿಲ್ಲ. ಕಿವಿಯನ್ನು ನೆಲಕ್ಕೆ ಹಚ್ಚಿದಳು. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ತಿರುವು. ಮಾರ್ಚ್ ತಿಂಗಳ ಚಳಿಯಲ್ಲಿ ಕುರಿಗೆ ಹೆರಿಗೆ ಮಾಡಿಸುವಾಗ ಅವಳ ಕೈ ಹೀಗೇ ಆಡುತ್ತಿತ್ತು. ಅವಸರ ಮಾಡಿದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ.

ಪ್ಯಾಕಿಗೆ ತಡೆಯಲಾಗಲಿಲ್ಲ. "ತಲೆ ಮುಂದಿದೆಯಾ, ಕಾಲು ಮುಂದಿದೆಯಾ?"

"ಬಾಯ್ಮುಚ್ಚು ಪ್ಯಾಕಿ."

"ಮೂರೂ ಮುಕ್ಕಾಲು!" ಅಟ್ರಾಕ್ಟಾ ಈಗ ಹಿತ್ತಲಿಗೇ ಬಂದು ನಿಂತಿದ್ದಳು. ಯಾಕೋ ಅವಳ ಮುಖ ಬಿಳುಚಿತ್ತು. "ಸಾಕು ಬಿಡು ಡೀಲಿಯಾ. ಫೋನ್ ಮಾಡಿಬಿಡೋಣ. ಅದು ಹೊರಗೆ ಬರೋದೇ ಬೇಡ."

ಅದು ಅಂದರೆ ಯಾವುದು ಎಂದು ಕೇಳುವಷ್ಟು ಪುರುಸೊತ್ತು ಡೀಲಿಯಾಗೆ ಇರಲಿಲ್ಲ. ಕೊಕ್ಕೆ ಕಚ್ಚಿಕೊಂಡಿತ್ತು. ಉಸಿರು ಬಿಗಿಹಿಡಿದು, ಬಲಕ್ಕೆ ಇನ್ನೊಂದು ಸುತ್ತು ಕೊಟ್ಟು, ಮೆಲ್ಲಗೆ ತನ್ನ ಕಡೆ ಎಳೆದಳು. ನೆಲದೊಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದಾಯಿತು. ಆಮೇಲೆ ಗುಡುಗು.

"ಬಂತು!" ಅಂದವಳೇ ಮಗ್ಗುಲಿಗೆ ಉರುಳಿದಳು. ಆದರೂ ಭುಜದಿಂದ ಮೊಣಕಾಲಿನವರೆಗೆ ಅಭಿಷೇಕ ತಪ್ಪಲಿಲ್ಲ. ನೀರು ಗುಂಡಿಗೆ ಧುಮುಕಿ, ಸುತ್ತಿ, ಆಚೆ ಕೊಳವೆಯಲ್ಲಿ ಭೋರೆಂದು ಹೋಯಿತು. ಪ್ಯಾಕಿಯ ಕೋಲುಗಳು ಒಂದರ ಹಿಂದೊಂದು ಇಣುಕಿದವು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಕೆರೆ, ಬಚ್ಚಲ ಬಿರಡೆ ಕಿತ್ತಂತೆ, ಸುಳಿ ತಿರುಗಿ ಇಳಿದುಹೋಯಿತು. ಪ್ಯಾಕಿ ಟೋಪಿ ಎತ್ತಿ ಗಾಳಿಗೆ ಎಸೆದ. ಅದು ಮುಳ್ಳುಮರದಲ್ಲಿ ಸಿಕ್ಕಿಕೊಂಡಿತು.

ನೀರು ಇಳಿದ ಮೇಲೆ ಗುಂಡಿಯ ತಳದಲ್ಲಿ ಕೊಕ್ಕೆಯ ಪಕ್ಕ ಏನೋ ಉಳಿದಿತ್ತು. ಮೊಟ್ಟೆಗಾತ್ರದ್ದು. ಡೀಲಿಯಾ ಎತ್ತಿ ಹುಲ್ಲಿಗೆ ಒರೆಸಿದಳು. ಚಿನ್ನದ ಬಣ್ಣದ ಗುಂಗುರು ಕೂದಲು, ಗುಲಾಬಿ ಕೆನ್ನೆ, ಪುಟ್ಟ ಕಿರೀಟ.

ಬಾಲಯೇಸುವಿನ ತಲೆ.

ಪ್ಯಾಕಿಯ ಕೈ ತಲೆಯ ಮೇಲಿಲ್ಲದ ಟೋಪಿಯನ್ನು ತೆಗೆಯಲು ಹೋಯಿತು. ಅಡುಗೆಮನೆಯ ಗೂಡಿನಲ್ಲಿ ಐವತ್ತು ವರ್ಷಕ್ಕೂ ಮೇಲೆ ನಿಂತಿದ್ದ ಪ್ಲಾಸ್ಟರ್ ಮೂರ್ತಿ ಅದು. "ಧೂಳು ಒರೆಸಿ ಒಳಗಿಟ್ಟಿದೀನಿ, ಪೂಜೆ ಹೊತ್ತಿಗೆ ಇಡ್ತೀನಿ" ಎಂದು ನಿನ್ನೆ ಅಟ್ರಾಕ್ಟಾ ಹೇಳಿದ್ದಳು.

"ಕೈ ಜಾರಿತು," ಅಟ್ರಾಕ್ಟಾ ಹೇಳಿದಳು. ಅವಳ ದನಿ ಹುಡುಗಿಯ ದನಿಯಾಗಿತ್ತು. "ಅಮ್ಮನ ಮದುವೆಗೆ ಕೊಟ್ಟಿದ್ದು. ಮಂತ್ರಿಸಿದ ವಸ್ತು, ಕಸದ ಡಬ್ಬಿಗೆ ಹಾಕೋ ಹಾಗಿಲ್ಲ. ನೀರಲ್ಲಿ ಕರಗಿಸಿ ಮಣ್ಣಿಗೆ ಸೇರಿಸ್ಬೇಕು. ಹಿತ್ತಲಲ್ಲಿ ಗುಂಡಿ ತೋಡಿದ್ರೆ ನೀನು ಕೇಳ್ತಿದ್ದೆ. ಬಿಸಿನೀರಲ್ಲಿ ರಾತ್ರಿಯೆಲ್ಲ ನೆನೆಹಾಕಿ ಬೆಳಿಗ್ಗೆ ಮೋರಿಗೆ ಹೊಯ್ದೆ. ಮೈಯೆಲ್ಲ ಕರಗ್ತು. ತಲೆ ಮಾತ್ರ..."

"ನಿಮ್ಮ ಕಡೆಯೋರ ತಲೆ ಗಟ್ಟಿ ಅಂತ ಊರಿಗೇ ಗೊತ್ತು," ಅಂದ ಪ್ಯಾಕಿ.

ಡೀಲಿಯಾ ನಕ್ಕುಬಿಟ್ಟಳು. ಕೆಸರಿನಲ್ಲಿ ಕೂತು, ಕೂದಲಿಂದ ನೀರು ಸುರಿಯುತ್ತ, ಹೊಟ್ಟೆ ಹಿಡಿದು ನಕ್ಕಳು. ಬೈಯಬಹುದಿತ್ತು. ಹದಿನೈದು ವರ್ಷದ ಬಾಕಿ ಬೈಗುಳ ಅವಳ ಹತ್ತಿರವಿತ್ತು. ಅದನ್ನು ಬಿಟ್ಟು ಗಂಟೆ ಕೇಳಿದಳು.

"ಎಷ್ಟು ಗಂಟೆ ಅಟ್ರಾಕ್ಟಾ?"

"ನಾಲ್ಕಕ್ಕೆ... ನಾಲ್ಕಕ್ಕೆ ಐದು ನಿಮಿಷ ಇದೆ."

"ಹಾಗಾದ್ರೆ ಫೋನ್ ಬೇಡ."

"ತಾನಾಗೇ ತಲೆ ಮುರಿದ ಬಾಲಯೇಸು ಮನೆಗೆ ಬಲು ಅದೃಷ್ಟ," ಪ್ಯಾಕಿ ಸಮಾಧಾನ ಹೇಳಿದ. "ನಮ್ಮಜ್ಜಿ ಹೇಳೋಳು. ಬೇಕಂತ ಮುರೀಬಾರ್ದು, ಅಷ್ಟೇ. ಕೈ ಜಾರಿದ್ದೂ ತಾನಾಗೇ ಮುರಿದ ಲೆಕ್ಕ."

ಆ ತಲೆಯನ್ನು ತೊಳೆದು, ಬಿಳಿ ಕರವಸ್ತ್ರದಲ್ಲಿ ಸುತ್ತಿ, ಮುಳ್ಳುಮರದ ಬುಡದಲ್ಲಿ ಅಟ್ರಾಕ್ಟಾಳೇ ಹೂತಳು. ಆಮೇಲೆ ಯಾರೂ ಹೇಳದೆ ಪೊರಕೆ, ಫಿನಾಯಿಲು ಹಿಡಿದು ಮಂಡಿಯೂರಿ ಹಿತ್ತಲ ಕಲ್ಲು ಉಜ್ಜಿದಳು. ಗೋಡೆಯ ಬುಡಕ್ಕೆ ಪ್ಯಾಕಿ ಇನ್ನೊಂದು ಕೈ ಸುಣ್ಣ ಬಳಿದ. ಬೆಂಚು ಹೊತ್ತು ಬಂದ ಮ್ಯಾಟಿ ಒದ್ದೆ ಹೆಂಡತಿಯನ್ನು ನೋಡಿ "ಮಳೆ ಬಂತಾ?" ಎಂದು ಕೇಳಿದ.

ಏಳಕ್ಕೆ ಐದು ನಿಮಿಷವಿದ್ದಾಗ ಫಾದರ್ ಟೂಹಿ ಬಂದರು. ಹದಿಮೂರು ಮನೆಯವರೂ ಆಗಲೇ ತುಂಬಿದ್ದರು. ಫಾದರ್, ಈ ಮನೆಯ ಮಗಳೆಂದು, ಅಟ್ರಾಕ್ಟಾಳ ಕಡೆ ತಿರುಗಿ, "ಬಲಿಪೀಠ ಎಲ್ಲಿಡೋಣಮ್ಮ, ಕಿಟಕಿ ಹತ್ತಿರಾನಾ?" ಎಂದು ಕೇಳಿದರು.

ಅಟ್ರಾಕ್ಟಾ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನ್ನ ಕೇಳ್ಬೇಡಿ ಫಾದರ್. ಮನೆ ಯಜಮಾನಿ ಅಲ್ಲಿದಾಳೆ ನೋಡಿ."

ಡೀಲಿಯಾ ಒದ್ದೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, "ಒಲೆಯ ಪಕ್ಕ ಇಡಿ ಫಾದರ್, ಬೆಚ್ಚಗಿರುತ್ತೆ," ಎಂದಳು. ಅಲ್ಲೇ ಇಟ್ಟರು.

ಪೂಜೆಯಾಗಿ, ಟೀ ನಡೆಯುವಾಗ ಫಾದರ್ ಎದ್ದು ಹಿಂದಕ್ಕೆ ಹೋದರು. ಅಡುಗೆಮನೆಯಲ್ಲಿ ವಿಷಯ ಗೊತ್ತಿದ್ದ ಮೂವರು ಕಿವಿ ನಿಮಿರಿಸಿದರು. ಚೈನು ಎಳೆದ ಸದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ನೀರು ದಡದಡ ಇಳಿದು, ನೆಲದಡಿಯಲ್ಲಿ ಓಡಿ, ದೂರ ದೂರ ಹೋಗಿ ಅಡಗಿತು. ಪ್ಯಾಕಿ ಕಪ್ಪು ಮೇಲೆತ್ತಿ, "ಆಮೆನ್," ಅಂದ. ಕಿಲ್‌ಕಲೆನ್ ಮನೆಯಾಕೆ ಅದು ತನ್ನ ಮಾತಿಗೇ ಹೇಳಿದ್ದೆಂದುಕೊಂಡು ತಾನೂ ತಲೆಯಾಡಿಸಿದಳು.

ಫಾದರ್ ಎರಡನೆಯ ಸಲವೂ ಡೀಲಿಯಾಳ ಕೈಯಿಂದಲೇ ಟೀ ಹಾಕಿಸಿಕೊಂಡರು, ಹಂದಿಮಾಂಸವನ್ನು ಮೂರು ಸಲ ಬಡಿಸಿಕೊಂಡರು.

ಎಲ್ಲರೂ ಹೋದ ಮೇಲೆ ಮ್ಯಾಟಿ ಬೆಂಚುಗಳನ್ನು ಹೊರಗೆ ಹೊರುತ್ತಿದ್ದ. ಡೀಲಿಯಾ ತೋಳು ಮಡಚಿ ಬೋಗುಣಿಗೆ ಬಿಸಿನೀರು ಹೊಯ್ದಳು, ಸೋಪಿನ ಪುಡಿ ಉದುರಿಸಿದಳು, ನಲವತ್ತರಲ್ಲಿ ಮೊದಲ ಹತ್ತು ಕಪ್ಪು ಮುಳುಗಿಸಿದಳು. ಅಟ್ರಾಕ್ಟಾ ಒಣಬಟ್ಟೆ ತಗೊಂಡು ಪಕ್ಕಕ್ಕೆ ಬಂದು ನಿಂತಳು.

"ಒರೆಸಿದ್ದನ್ನ ಎಲ್ಲಿಡ್ಲಿ?" ಎಂದು ಕೇಳಿದಳು.

"ಮೇಜಿನ ಮೇಲೆ, ಬೋರಲು ಹಾಕಿ," ಎಂದು ಹೇಳಿ ಡೀಲಿಯಾ ತೊಳೆದ ಕಪ್ಪನ್ನು ಅವಳ ಕೈಗೆ ಕೊಟ್ಟಳು.