ನಸೀಮಾಬಿಯ ತವರಿನ ಸಮುದ್ರ

ನಸೀಮಾಬಿಯ ತವರು ಮಂಗಳೂರು. ಯಲಬುರ್ಗಾ ಕಡೆಯ ಮಂಗಳೂರು. ಜೋಳವಿದೆ, ಕಡಲೆಯಿದೆ, ಒಂದು ಕೆರೆಯಿದೆ, ಬಸ್ ಸ್ಟ್ಯಾಂಡಿದೆ. ಸಮುದ್ರವಿಲ್ಲ. ಅದೊಂದು ಕೊರತೆ ಎಂದು ಊರಿನವರಿಗೆ ಯಾವತ್ತೂ ಅನ್ನಿಸಿದ್ದಿಲ್ಲ.

ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೇಲೆ ಬಳೆಯ ಮಲಾರ ಹೊತ್ತು ಮನೆಮನೆ ತಿರುಗುವುದು ಆಕೆಯ ಕಸುಬಾಯಿತು. ಕೊಪ್ಪಳದವರಿಗೆ ತವರು ಮಂಗಳೂರೆಂದರೆ, "ಹೌದಾ? ಅಲ್ಲಿ ಯಾರ ಪೈಕಿ?" ಎಂದು ಕೇಳುತ್ತಿದ್ದರು. ತೊಂದರೆ ಶುರುವಾದದ್ದು ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಮೈಸೂರು, ಹಾಸನಗಳಿಂದ ವರ್ಗವಾಗಿ ಬಂದ ಸಾಹೇಬರ ಹೆಂಡಂದಿರು ಬಳೆಗೆ ಕೈಚಾಚಿ ಕೂತು, "ಮಂಗಳೂರಾ! ಅಂಥಾ ಸಮುದ್ರ ಬಿಟ್ಟು ಈ ಬಿಸಿಲಿಗೆ ಬಂದ್ರಾ?" ಎನ್ನುವರು. "ಆ ಮಂಗಳೂರ ಅಲ್ರಿ, ಯಲಬುರ್ಗಾದ್ದು" ಎಂದು ನಸೀಮಾಬಿ ತಿದ್ದುವಳು. ತಿದ್ದಿದ ಕೂಡಲೇ ಮಾತು ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಗಂಟಲು ಒಣಗಿ, ತಿದ್ದಲು ಬೇಸರವಾಗಿ, "ಹೌದ್ರಿ" ಎಂದುಬಿಟ್ಟಳು. ಆ ಮನೆಯಲ್ಲಿ ಚಹಾ ಬಂತು.

ಆಮೇಲೆ ಎಲ್ಲ ಮನೆಯಲ್ಲೂ ಹೌದ್ರಿ.

"ಸಮುದ್ರ ಹೇಗಿರುತ್ತೆ ನಸೀಮಾಬಿ?"

"ಸಂಜಿ ಆತಂದ್ರ ಭಾಳ ಸಪ್ಪಳ ಮಾಡತೈತ್ರೀ. ನಿದ್ದಿ ಹತ್ತೂದಿಲ್ಲ."

ಸಾಹೇಬರು ವರ್ಗವಾಗಿ ಹೋದರು, ಹೊಸಬರು ಬಂದರು. ಸಮುದ್ರ ಮಾತ್ರ ಅಲ್ಲೇ ಬೆಳೆಯಿತು. ಮಗ ರಫೀಯ ಮದುವೆಯ ಹೊತ್ತಿಗೆ ನಸೀಮಾಬಿಯ ತವರಿನಲ್ಲಿ ಒಂದು ದೀಪಸ್ತಂಭವೂ ದೋಣಿಯಿರುವ ಇಬ್ಬರು ಅಣ್ಣಂದಿರೂ ಆಗಿದ್ದರು. ನಿಜವಾದ ಅಣ್ಣಂದಿರು ಸೈಕಲ್ ರಿಪೇರಿ ಮಾಡಿಕೊಂಡಿದ್ದು, ಅದೇ ಊರಿನಲ್ಲಿ ತೀರಿಕೊಂಡರು. ಅಲ್ಲಿಗೆ ತವರಿಗೆ ಹೋಗಿಬರುವುದೂ ನಿಂತಿತು.

ಸೊಸೆ ಜಾಸ್ಮೀನ ಹುಬ್ಬಳ್ಳಿಯಲ್ಲಿ ಓದಿದವಳು. ಓದಿನಿಂದ ಅವಳಿಗೆ ದಕ್ಕಿದ್ದು ಚಿಂತೆ. ಹಾಲು ಕುದಿಯಿತೋ ಇಲ್ಲವೋ, ಮಗಳು ದ್ರಾಕ್ಷಿಯನ್ನು ಅಗಿದಳೋ ನುಂಗಿದಳೋ, ಫ್ಯಾನಿನ ಬೋಲ್ಟು ಬಿಗಿಯಾಗಿದೆಯೋ. ಇವುಗಳ ಸಾಲಿಗೆ ಈಗ ಸಮುದ್ರವೂ ಸೇರಿತ್ತು. ದಾದಿಯ, ಅಂದರೆ ಅಜ್ಜಿಯ, ಬೆನ್ನು ಹತ್ತಿ ಕ್ವಾರ್ಟರ್ಸಿಗೆ ಹೋಗುವ ಮಗಳು ಅನೀಸಾ ದೀಪಸ್ತಂಭವನ್ನು ಸಾಲೆಯ ಚಿತ್ರದಲ್ಲೂ ಬರೆಯತೊಡಗಿದ್ದಳು.

"ಮಕ್ಕಳಿಗೆ ಸುಳ್ಳು ಹೇಳಬಾರದು ಅಮ್ಮಿ," ಎಂದಳು ಜಾಸ್ಮೀನ ಅತ್ತೆಗೆ. "ಒಂದಿನ ಗೊತ್ತಾಗತೈತಿ. ಆಮ್ಯಾಲ ನೀವು ಏನ ಹೇಳಿದ್ರೂ ನಂಬೂದಿಲ್ಲ ಅಕಿ."

"ನಂಬತಾಳ ಬಿಡ. ಇವ ನಂಬಿರಲಿಲ್ಲೇನು?"

ಊಟ ಮಾಡುತ್ತಿದ್ದ ರಫೀ ತಲೆಯೆತ್ತದೆ ಹೇಳಿದ: "ನಂಬಿದ್ದೆ. ಮಾಮಾನ ಸೈಕಲ್ ಅಂಗಡಿ ನೋಡಿದ ಮ್ಯಾಲ ರಂಜಾನ್ ಮುಗಿಯೂ ತನಕ ನಿನ್ನ ಜೋಡಿ ಮಾತಾಡಿರಲಿಲ್ಲ."

ನಸೀಮಾಬಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಬೇಸಿಗೆ ರಜೆಯಲ್ಲಿ ರಫೀ ಗೆಳೆಯನ ಕಾರು ತಂದು ಎಲ್ಲರನ್ನೂ ಹೊನ್ನಾವರದ ಕಡೆ ಕರೆದೊಯ್ದ. ಅಲ್ಲೊಂದು ಕಾಂಡ್ಲಾ ಕಾಡು, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರಗಳದ್ದು. ಅದರೊಳಗೆ ಹಲಗೆಯ ಕಾಲುದಾರಿ. ದಾರಿಯ ಕೊನೆಗೆ ಸಮುದ್ರ. ಬಾಗಿಲಲ್ಲಿ 'ಸುಲಭ ದಾರಿ, ಮಕ್ಕಳೂ ಹಿರಿಯರೂ ನಡೆಯಬಹುದು' ಎಂಬ ಫಲಕವಿತ್ತು. ಜಾಸ್ಮೀನ ಅದನ್ನು ಎರಡು ಸಲ ಓದಿದಳು. ನಿಜವಾಗಿ ಸುಲಭವಾಗಿದ್ದರೆ ಬರೆದು ಹಾಕುವ ಪ್ರಸಂಗವೇ ಬರುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಅವಳ ಚೀಲದಲ್ಲಿ ಓಆರ್‌ಎಸ್ ಪುಡಿ, ಸೊಳ್ಳೆ ಮುಲಾಮು, ಒಂದು ಸೀಟಿ, ಎರಡು ಜೊತೆ ಬಟ್ಟೆ ಇದ್ದವು. ರಫೀ ಕಾರಿನ ನೆರಳಲ್ಲಿ ಮಲಗಿದ.

ಟಿಕೆಟ್ ಕೊಡುವ ಹೆಂಗಸು, "ಯಾವ ಊರಾಯ್ತು ಅಮ್ಮಾ?" ಎಂದು ಕೇಳಿದಳು.

"ನಮ್ಮ ದಾದಿ ಮಂಗಳೂರವ್ರು!" ಅನೀಸಾ ಕೂಗಿದಳು.

"ಓ, ನಮ್ಮ ಕಡೆಯವ್ರೇ ಮಾರಾಯ್ತಿ! ಮಂಗಳೂರಲ್ಲಿ ಎಲ್ಲಿ?"

ಜಾಸ್ಮೀನ ಅತ್ತೆಯ ಕಡೆ ತಿರುಗಿದಳು. ನಸೀಮಾಬಿಯ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಬಸ್ ಸ್ಟ್ಯಾಂಡ್ ಹಿಂದ್ರೀ."

ಅದು ನಿಜವೇ ಆಗಿತ್ತು.

ಹಲಗೆಯ ಮೇಲೆ ಮೂವರೂ ನಡೆದರು. ಎರಡೂ ಕಡೆ ಕೆಸರು. ಕೆಸರಿನಿಂದ ಬೆರಳುಗಳ ಹಾಗೆ ಮೇಲೆದ್ದ ಬೇರು. ಅನೀಸಾ ಪ್ರತಿ ಹೆಜ್ಜೆಗೂ ದಾದಿಯನ್ನು ಕೇಳಿದಳು. ಬೇರು ಯಾಕೆ ಮೇಲಕ್ಕೆ ಬಂದಿವೆ? "ಒಳಗ ಸೆಕಿ ಆಗಿರಬೇಕು." ಏಡಿ ಯಾಕೆ ಅಡ್ಡ ನಡೆಯುತ್ತದೆ? "ಅದರ ಇಚ್ಛಾ." ನಿಮ್ಮ ಊರಲ್ಲೂ ಹೀಗೇನಾ? ನಸೀಮಾಬಿ ಕೆಮ್ಮಿದಳು. ಕೆಸರಿನಲ್ಲಿ ಬಿದ್ದರೆ ಮಗುವನ್ನು ಮೊದಲು ಎತ್ತಬೇಕೋ ಅತ್ತೆಯನ್ನೋ ಎಂದು ಜಾಸ್ಮೀನ ಲೆಕ್ಕ ಹಾಕುತ್ತಿದ್ದಳು. ಯಾರೂ ಬೀಳಲಿಲ್ಲ. ದಾರಿ ಸುಲಭವಿತ್ತು.

ಗಾಳಿ ಮರದ ತೋಪು ದಾಟಿದ್ದೇ ಸಮುದ್ರ ಒಮ್ಮೆಲೇ ಎದುರಿಗೆ ಬಂತು.

ನಸೀಮಾಬಿ ನಿಂತಳು. ಆಯುಷ್ಯವೆಲ್ಲ ಕ್ವಾರ್ಟರ್ಸಿನವರಿಗೆ ವರ್ಣಿಸಿದ ಸಮುದ್ರ ಇಷ್ಟಿರುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಬಳೆ ತೊಡಿಸುವಾಗ ಹಿಡಿಯುವ ಹಾಗೆ ಸೊಸೆಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಲೋಕದಲ್ಲಿ ಹೆದರುವವಳು ತಾನೊಬ್ಬಳೇ ಎಂದು ಅಲ್ಲಿಯ ತನಕ ಜಾಸ್ಮೀನ ತಿಳಿದಿದ್ದಳು.

"ಯಾ ಅಲ್ಲಾ," ಎಂದಳು ನಸೀಮಾಬಿ, ಸಣ್ಣ ದನಿಯಲ್ಲಿ. "ಸಂಜಿ ಅಲ್ಲ, ಹಾಡಹಗಲ ಸಪ್ಪಳ ಮಾಡಾಕ ಹತ್ತೈತೆಲ್ಲವಾ."

ಅನೀಸಾ ಓಡಿ ಬಂದಳು. "ದಾದಿ, ಇದು ನಿಮ್ಮ ಸಮುದ್ರನಾ? ದೀಪಸ್ತಂಭ ಎಲ್ಲಿ?"

"ಅಲ್ಲವ್ವಾ. ಇದು ಇವರದು."

"ನಿಮ್ಮದು?"

ನಸೀಮಾಬಿ ಸೊಸೆಯ ಮುಖ ನೋಡಿದಳು. ಹೇಳುವುದಾದರೆ ಹೇಳು ಎಂಬ ಹಾಗಿತ್ತು ಆ ನೋಟ. ಜಾಸ್ಮೀನ ವರ್ಷಗಳಿಂದ ಕಾದಿದ್ದ ಗಳಿಗೆ ಇದೇ. ಹೇಳಬೇಕಾದ ಮಾತು ಬಾಯಲ್ಲೇ ಇತ್ತು: ಸಮುದ್ರ ಇಲ್ಲ, ದೋಣಿ ಇಲ್ಲ, ಸೈಕಲ್ ಅಂಗಡಿ. ಮುಂಗೈಯ ಹಿಡಿತ ಸಡಿಲವಾಗಲಿಲ್ಲ.

"ದಾದಿದು ಸಣ್ಣದೈತಿ," ಎಂದಳು ಜಾಸ್ಮೀನ. "ಅವರ ಊರಾಗ ಅದಕ್ಕ ಕೆರಿ ಅಂತಾರ."

"ಕೆರಿ?"

"ಹೂಂ. ಬ್ಯಾಸಗ್ಯಾಗ ಬತ್ತತೈತಿ. ಅದಕ ದೀಪಸ್ತಂಭ ಬೇಕಾಗೂದಿಲ್ಲ."

ಅನೀಸಾ ವಿಚಾರ ಮಾಡಿದಳು. ಸಮುದ್ರ ನೋಡಿದಳು, ದಾದಿಯನ್ನು ನೋಡಿದಳು. "ಮತ್ತ ದೊಡ್ಡದು ಅಂದಿದ್ದಿರಲ್ಲ ದಾದಿ?"

"ನಾನ ಅವಾಗ ಸಣ್ಣಾಕಿ ಇದ್ನೆಲ್ಲವಾ," ಎಂದಳು ನಸೀಮಾಬಿ. "ನನಗ ದೊಡ್ಡದ ಕಾಣತಿತ್ತು."

ಮಗುವಿಗೆ ಇದು ನ್ಯಾಯವಾಗಿ ಕಂಡಿತು. "ಮಳಿ ಆದ ಮ್ಯಾಲ ಅದನ್ನೂ ನೋಡೂಣು," ಎಂದು ಶಂಖ ಆರಿಸಲು ಹೋದಳು. ಜಾಸ್ಮೀನ ಸೀಟಿ ಊದಲಿಲ್ಲ. ಊದಲು ಬೇಕಾದ ಕೈ ಅತ್ತೆಯ ಹಿಡಿತದಲ್ಲಿತ್ತು.

ತಿರುಗಿ ಬರುವಾಗ ಟಿಕೆಟಿನ ಹೆಂಗಸು ಚಹಾದ ಫ್ಲಾಸ್ಕ್ ತೆರೆದುಕೊಂಡು ಕೂತಿದ್ದಳು. "ಹೇಗಾಯ್ತು ಮಂಗಳೂರಮ್ಮಾ? ನಿಮಗೆಂಥ, ದಿನಾ ನೋಡಿದ್ದೇ ಅಲ್ವಾ?"

ನಸೀಮಾಬಿ ಬಾಯಿ ತೆರೆದು, ಮೊಮ್ಮಗಳನ್ನು ನೋಡಿ, ಮುಚ್ಚಿಕೊಂಡಳು. ಬಿಸಿಲಿಗೆ ಆಕೆಯ ತುಟಿ ಒಣಗಿತ್ತು. ಯಲಬುರ್ಗಾ ತಾಲೂಕಿನಿಂದ ಶುರು ಮಾಡಿ ಎಲ್ಲವನ್ನೂ ಬಿಡಿಸಿ ಹೇಳುವಷ್ಟು ಶಕ್ತಿ ಅಲ್ಲಿ ಯಾರಿಗೂ ಉಳಿದಿರಲಿಲ್ಲ.

"ಹೌದ್ರಿ," ಎಂದಳು ಜಾಸ್ಮೀನ.

ಹೆಂಗಸು ಮೂರು ಲೋಟ ತೆಗೆದಳು.