ಐರ್ಲೆಂಡ್ ರಾಶಿಗೆ ಆದಾಯ ಹದಿನಾಲ್ಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಕೆದಕಿ ತೆಗೆಯುವ ಕಷ್ಟ ಬೇಡ. ಟೆಕ್ಸಸ್‌ನ ಪ್ಲೇನೋದ ಆ ಮನೆಯವರು ಐರ್ಲೆಂಡಿಗೆ ಹೋಗದೆ ಉಳಿದದ್ದಕ್ಕೆ ಕಾರಣ ಅಮೆರಿಕದ ಸರ್ಕಾರವಲ್ಲ, ಐರ್ಲೆಂಡಿನ ಸರ್ಕಾರವೂ ಅಲ್ಲ. ನನ್ನ ನಾಲಿಗೆ. ಆ ಹೊತ್ತಿನಲ್ಲಿ ಅದಕ್ಕೆ ಚಪ್ಪಾಳೆ ಬೇರೆ ಬಿದ್ದಿತ್ತು.

ನನಗೆ ಬರುವುದು ಒಂದೇ ವಿದ್ಯೆ. ಇರ್ವಿಂಗ್‌ನ ಆಫೀಸಿನಲ್ಲಿ ನಾನು ಬರೆಯುವ ಕೋಡ್ ಹೇಗಿರುತ್ತದೆ ಅಂತ ನನ್ನ ಮ್ಯಾನೇಜರನ್ನು ಕೇಳಿದರೆ ಆತ ತಾರಸಿ ನೋಡುತ್ತಾನೆ. ಆತ ತಾರಸಿ ನೋಡುವ ರೀತಿಯನ್ನು ನಾನು ಮಾಡಿ ತೋರಿಸಿದರೆ ಇಡೀ ಫ್ಲೋರ್ ನಗುತ್ತದೆ. ಪುರೋಹಿತರು ಮಂತ್ರದ ನಡುವೆ ಫೋನ್ ಸೈಲೆಂಟ್ ಮಾಡುವುದು, ಆಂಟಿಯರು ‘ಏನೂ ಮಾಡಿಲ್ಲಪ್ಪ’ ಅನ್ನುತ್ತಾ ಟೇಬಲ್ ತುಂಬ ಬಡಿಸುವುದು, ಎಲ್ಲ ನನ್ನ ಗಂಟಲಲ್ಲಿದೆ. ವೀಸಾ ಸಂದರ್ಶನದಲ್ಲಿ ಗಾಬರಿಯಿಂದ ಅಧಿಕಾರಿಯ ದನಿಯಲ್ಲೇ ಅಧಿಕಾರಿಗೆ ಉತ್ತರ ಕೊಟ್ಟು ಒದ್ದಾಡಿದವನೂ ನಾನೇ. ಅದನ್ನೂ ಮಾಡಿ ತೋರಿಸುತ್ತೇನೆ, ಕೇಳಿದರೆ.

ಪ್ಲೇನೋದ ಅಂಕಲ್ ಧಾರವಾಡದವರು. ಅಮೆರಿಕಕ್ಕೆ ಬಂದು ಬಹಳ ವರ್ಷವಾದರೂ ಅವರ ಮಾತಿನಿಂದ ಧಾರವಾಡ ಒಂದು ಅಂಗುಲವೂ ಅಲ್ಲಾಡಿರಲಿಲ್ಲ. ಮನೆಯಲ್ಲಿ ಮೂವರು: ಅಂಕಲ್, ಆಂಟಿ, ಆಸ್ಟಿನ್‌ನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ಮಗಳು. ಆ ಹುಡುಗಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. ‘ಅಪ್ಪ’, ‘ಅಮ್ಮ’ ಬಿಟ್ಟರೆ ನನ್ನನ್ನು ‘ಅಣ್ಣ’ ಅನ್ನುವುದೊಂದೇ ಅವಳ ಬಾಯಿಂದ ಬರುತ್ತಿದ್ದ ಕನ್ನಡ. ಎರಡನೇ ವಯಸ್ಸಿಗೆ ಈ ದೇಶಕ್ಕೆ ಬಂದವಳು.

ಇಲ್ಲಿ ಕಾಯಂ ಆಗಿ ನೆಲೆಸಲು ನಮ್ಮವರು ದಶಕಗಟ್ಟಲೆ ಕಾಯುವ ಗ್ರೀನ್ ಕಾರ್ಡ್ ಸಾಲು ಎಂಥದ್ದೆಂದು ಹೊಸದಾಗಿ ಹೇಳಬೇಕಿಲ್ಲ. ಮಕ್ಕಳು ಅಪ್ಪ ಅಮ್ಮನ ಕೈ ಹಿಡಿದು ಆ ಸಾಲಿನಲ್ಲಿ ನಿಂತಿರುತ್ತಾರೆ. ಇಪ್ಪತ್ತೊಂದು ತುಂಬಿದ ದಿನ ಕೈ ಬಿಡಿಸುತ್ತಾರೆ. ಆಮೇಲೆ ಅವರ ಪಾಡು ಅವರದು. ಆ ಹುಡುಗಿಗೆ ಇಪ್ಪತ್ತೊಂದು ತುಂಬಲು ಇನ್ನು ಒಂದು ವರ್ಷವೂ ಇರಲಿಲ್ಲ. ಆಗಲೇ ಅಂಕಲ್‌ಗೆ ಅವರ ಕಂಪನಿಯ ಡಬ್ಲಿನ್ ಆಫೀಸಿಗೆ ವರ್ಗವಾಗುವ ಅವಕಾಶ ಬಂತು. ಅಲ್ಲಿ ಸಾಲು ಚಿಕ್ಕದು. ‘ಈಗ ಹೋದ್ರ ಅಕಿನೂ ನಮ್ಮ ಜೋಡಿ ಬರ್ತಾಳ. ತಡಾ ಮಾಡಿದ್ರ ಅಕಿ ಕಾಗದ ಬ್ಯಾರೆ, ನಮ್ಮ ಕಾಗದ ಬ್ಯಾರೆ,’ ಎಂದು ಅಂಕಲ್ ಹೇಳುತ್ತಿದ್ದರು.

ಬೇರೆ ಅಪ್ಪಂದಿರಾದರೆ ‘ಹೊರಡಿ’ ಅನ್ನುತ್ತಿದ್ದರು. ಇವರು ಮೀಟಿಂಗ್ ಕರೆದರು.

ಆಫೀಸಿನಲ್ಲಿ ಎಲ್ಲವನ್ನೂ ಸ್ಲೈಡ್ ಮಾಡಿ ಒಪ್ಪಿಸುವ ಅಭ್ಯಾಸ ಮನೆಗೂ ಬಂದಿತ್ತು. ಮಗಳು ಊರಿಗೆ ಬಂದ ಶನಿವಾರಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಐರ್ಲೆಂಡ್. ನನ್ನನ್ನು ಇರ್ವಿಂಗ್‌ನಿಂದ ಕರೆಸುತ್ತಿದ್ದರು. ‘ನೀ ಯಾವ ಪಾರ್ಟಿನೂ ಅಲ್ಲ. ಕುಂದ್ರು, ಕೇಳು, ನ್ಯಾಯ ಹೇಳು.’ ನಾನು ರೊಟ್ಟಿ ಪಾರ್ಟಿ ಎಂದು ಅವರಿಗೆ ಗೊತ್ತಿರಲಿಲ್ಲ.

ಟೀವಿಯಲ್ಲಿ ಐರ್ಲೆಂಡಿನ ಆದಾಯದ ಗ್ರಾಫ್, ಒಂದೇ ಗೆರೆ. ಅಂಕಲ್ ಕೈಯಲ್ಲಿ ಸ್ಲೈಡ್ ಬದಲಿಸುವ ಕ್ಲಿಕ್ಕರ್.

‘ಇಲ್ನೋಡ್ರಿ. ಸ್ವಾತಂತ್ರ್ಯ ಸಿಕ್ಕ ಮ್ಯಾಲ ಗೆರಿ ಹೆಂಗ ಮಲಕೊಂಡದ, ಜಡ್ಡಾದವರ ಹಂಗ. ದನಾ ಮಾರತಿದ್ರು, ಮಕ್ಕಳನ್ನ ಹಡಗಾ ಹತ್ತಸ್ತಿದ್ರು. ಎರಡೇ ವ್ಯಾಪಾರ.’

‘ಅಂಕಲ್, ಪಲ್ಯ ಆರ್‍ತಾ ಇದೆ.’

‘ತಿನ್ನಪಾ. ಕಿವಿಲೆ ತಿಂತೀಯೇನು?’

ಆಂಟಿ ನಕ್ಕರು. ಅಂಕಲ್ ಮುಂದಿನ ಸ್ಲೈಡ್ ಒತ್ತಿದರು. ‘ಆಮ್ಯಾಲ ಬಾಗಲಾ ತಗದ್ರು. ಕಂಪನಿಗೋಳಿಗೆ ತೆರಿಗಿ ಕಡಿಮಿ ಮಾಡಿದ್ರು. ಇಲ್ಲಿಂದನ ಹೋದ್ವು ನೋಡ್ರಿ, ಅಮೆರಿಕಾದ ಕಂಪನಿಗೋಳು. ಮಲಗಿದ್ದ ಗೆರಿ ಎದ್ದು ಓಡ್ತು. ಜಗತ್ತು ಹುಲಿ ಅಂತು.’

‘ಹುಲಿ ಏನಾತು?’ ಆಂಟಿ ಕೇಳಿದರು. ಪ್ರತಿ ಸಲ ಕೇಳುತ್ತಿದ್ದರು, ಸತ್ಯನಾರಾಯಣ ಕಥೆಯಲ್ಲಿ ಹೂಂಗುಟ್ಟುವವರ ಹಾಗೆ.

‘ಬಿತ್ತು. ಸಿಕ್ಕಸಿಕ್ಕಲ್ಲೆ ಮನಿ ಕಟ್ಟಿದ್ರು, ಬ್ಯಾಂಕ್ ಮುಳುಗಿದ್ವು, ಹುಡುಗೂರು ಮತ್ತ ಊರು ಬಿಟ್ರು.’ ಇಲ್ಲಿ ದನಿ ತಗ್ಗುತ್ತಿತ್ತು. ನಂತರ ಅವರು ಕ್ಲಿಕ್ಕರ್ ಸೋಫಾದ ಮೇಲೆ ಎಸೆದು, ಟೀವಿಯ ಹತ್ತಿರ ಹೋಗಿ, ಮತ್ತೆ ಮೇಲೇರಿದ ಗೆರೆಯ ಮೇಲೆ ಅಂಗೈ ಇಡುತ್ತಿದ್ದರು. ‘ಬಿದ್ದರೂ ಎದ್ದಾರ ನೋಡ್ರಿ! ಒಂದು ಸಣ್ಣ ದೇಶ ಎದ್ದು ನಿಂತದ. ನಾವು ಮೂರು ಮಂದಿ ನಿಲ್ಲಂಗಿಲ್ಲೇನು?’

ಮಗಳು ಸುಲಭಕ್ಕೆ ಬಿಡುವವಳಲ್ಲ. ‘ಅಪ್ಪಾ, ದಟ್ಸ್ ನಾಟ್ ದೇರ್ ಮನಿ,’ ಎಂದಳು ಒಂದು ಶನಿವಾರ. ಹೊರಗಿನ ಕಂಪನಿಗಳು ತೆರಿಗೆ ಉಳಿಸಲು ತಮ್ಮ ಲಾಭವನ್ನು ಆ ದೇಶದ ಹೆಸರಿನಲ್ಲಿ ತೋರಿಸುತ್ತವೆ. ಗೆರೆ ಅಷ್ಟು ಎತ್ತರಕ್ಕೆ ಏರಿದ್ದು ಬಹುಪಾಲು ಅದರಿಂದ. ಅಲ್ಲಿನ ಜನಕ್ಕೆ ಬಾಡಿಗೆಗೆ ಮನೆ ಸಿಗುವುದೂ ಕಷ್ಟ, ಎಂದು ವಿವರಿಸಿದಳು. ಕೊನೆಗೆ ನನ್ನ ಕಡೆ ತಿರುಗಿ ಒಂದು ಹೋಲಿಕೆ ಕೊಟ್ಟಳು: ಇರ್ವಿಂಗ್‌ನ ಇಂಡಿಯನ್ ಗ್ರೋಸರಿ ಮುಂದೆ ನಿಂತ ಕಾರುಗಳನ್ನೆಲ್ಲ ಅಂಗಡಿಯವನ ಆಸ್ತಿ ಅಂತ ಎಣಿಸಿದ ಹಾಗೆ.

ನಾನು ಬಿದ್ದು ಬಿದ್ದು ನಕ್ಕೆ. ಅಂಕಲ್ ನಗಲಿಲ್ಲ. ‘ಇರಲಿ. ಕಾರು ನಿಲ್ಲಾಕ ಜಾಗಾ ಅದ ಅಲ್ಲೇನು? ನಮಗ ಬೇಕಾದ್ದೂ ಅಷ್ಟ. ನಿಲ್ಲಾಕ ಒಂದು ಜಾಗಾ.’

ಆಗ ಮಗಳು ಅಪ್ಪನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆಂಟಿ ಟೀವಿ ಕಡೆ ನೋಡಿದ ರೀತಿ ಬೇರೆ ಇತ್ತು. ಇಬ್ಬರೂ ಒಪ್ಪಲು ಇನ್ನು ಒಂದೆರಡು ಶನಿವಾರ ಸಾಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ಯುಗಾದಿ ಬಂತು.

ಇರ್ವಿಂಗ್‌ನ ಹಾಲ್‌ನಲ್ಲಿ ನಮ್ಮ ಯುಗಾದಿ ಕಾರ್ಯಕ್ರಮ. ಬೇವು ಬೆಲ್ಲ, ಮಕ್ಕಳ ಡ್ಯಾನ್ಸ್, ಪಂಚಾಂಗ ಶ್ರವಣ. ಯಾವ ರಾಶಿಗೆ ಎಷ್ಟು ಆದಾಯ, ಎಷ್ಟು ವ್ಯಯ ಎಂದು ಪುರೋಹಿತರು ಓದುವಾಗ ದೊಡ್ಡ ದೊಡ್ಡ ಕಂಪನಿಗಳ ಡೈರೆಕ್ಟರುಗಳೂ ಕಿವಿ ನಿಮಿರಿಸಿ ಕೂರುತ್ತಾರೆ. ಅದು ಮುಗಿದ ಮೇಲೆ ನನಗೆ ಹತ್ತು ನಿಮಿಷ. ಶಾಲು ಹೊದ್ದು ಬಂದು ‘ಈಗ ದೇಶಗಳ ರಾಶಿಫಲ’ ಅಂದೆ. ಪುರೋಹಿತರ ರಾಗದಲ್ಲೇ ಶುರು ಮಾಡಿದೆ: ‘ಐರ್ಲೆಂಡ್ ರಾಶಿಯವರಿಗೆ ಆದಾಯ ಹದಿನಾಲ್ಕು, ವ್ಯಯ ಎರಡು. ಆ ಹದಿನಾಲ್ಕರಲ್ಲಿ ಹನ್ನೆರಡು ಅತಿಥಿಗಳದು. ಅತಿಥಿ ಉಂಡದ್ದನ್ನು ಮನೆಯವರ ಹೊಟ್ಟೆಯ ಲೆಕ್ಕಕ್ಕೆ ಬರೆದುಕೊಂಡಿರುವುದರಿಂದ ಮನೆಯವರು ಉಪವಾಸವಿದ್ದರೂ ಡೊಳ್ಳುಹೊಟ್ಟೆಯ ಯೋಗ.’

ಹಾಲ್ ಕುಲುಕಿತು. ನಗು ಸಿಕ್ಕರೆ ನನಗೆ ಬ್ರೇಕ್ ಇಲ್ಲ. ಶಾಲು ಕಿತ್ತು ಬಿಸಾಡಿ, ಕೈಯಲ್ಲಿಲ್ಲದ ಕ್ಲಿಕ್ಕರ್ ಎಸೆದು, ಇಲ್ಲದ ಟೀವಿಯ ಮೇಲೆ ಅಂಗೈ ಇಟ್ಟು, ಅಂಕಲ್ ದನಿಯನ್ನೇ ಎತ್ತಿದೆ: ‘ಬಿದ್ದರೂ ಎದ್ದಾರ ನೋಡ್ರಿ!’ ಮೂಗಿನಿಂದ ಹೊರಡುವ ಆ ಸಣ್ಣ ಗೊರಗೊರ, ‘ರಿ’ ಮೇಲಿನ ಆ ಎಳೆತ, ಯಾವುದನ್ನೂ ಬಿಡಲಿಲ್ಲ. ಜನ, ಹೆಂಡತಿ ಮಗಳ ಜೊತೆ ಮುಂದಿನ ಸಾಲಿನಲ್ಲಿದ್ದ ಅಂಕಲ್ ಕಡೆ ತಿರುಗಿ ತಿರುಗಿ ನಕ್ಕರು. ಅಂಕಲ್ ಕೂಡ ನಕ್ಕರು, ಎದ್ದು ನಿಂತು ಕೈ ಮುಗಿದರು. ಆಹಾ, ಎಂಥ ದೊಡ್ಡ ಮನುಷ್ಯ ಅಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ಅಲ್ಲಿಂದ ಅವರು ಐರ್ಲೆಂಡ್ ಅಂಕಲ್ ಆದರು. ಗ್ರೋಸರಿಯಲ್ಲಿ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ, ಎಲ್ಲಿ ಕಂಡರೂ ‘ಏನ್ ಸಾರ್, ಬಿದ್ದರೂ ಎದ್ದಾರ?’ ಅವರು ‘ಎದ್ದಾರ್ರೀ, ಎದ್ದಾರ’ ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಮುಂದಿನ ಶನಿವಾರ ನಾನೂ ಇದ್ದೆ. ಕಂಪನಿ ಉತ್ತರ ಕೇಳಿ ಮತ್ತೆ ಬರೆದಿತ್ತು. ಅಂಕಲ್ ಹೊಸ ಸ್ಲೈಡುಗಳನ್ನು ಮಾಡಿಕೊಂಡಿದ್ದರು. ಮಗಳ ಮಾತನ್ನು ಒಪ್ಪಿಕೊಂಡು, ಕಂಪನಿಗಳ ಲಾಭವನ್ನು ಬದಿಗಿಟ್ಟು, ಅಲ್ಲಿನ ಜನರ ಕೈಗೆ ನಿಜವಾಗಿ ಬರುವುದೆಷ್ಟು ಎಂದು ಬೇರೆ ಗೆರೆ ಎಳೆದಿದ್ದರು. ತಗ್ಗಿನ ಗೆರೆ. ಆದರೆ ಅದೂ ಏರಿತ್ತು. ಇಷ್ಟು ನ್ಯಾಯವಾಗಿ ವಾದ ಮಾಡಿದವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

‘ಇಲ್ನೋಡ್ರಿ,’ ಎಂದು ಅವರು ಬಾಯಿ ತೆರೆದರು. ಅಷ್ಟೇ. ಮಗಳು ಕಿಸಕ್ಕನೆ ನಕ್ಕಳು. ‘ಸಾರಿ ಅಪ್ಪಾ, ಸಾರಿ, ಗೋ ಆನ್.’ ಅವರು ಮತ್ತೆ ಶುರು ಮಾಡಿದರು. ‘ದನಾ ಮಾರತಿದ್ರು...’ ಈ ಸಲ ಆಂಟಿ ಸೆರಗು ಬಾಯಿಗೆ ಒತ್ತಿಕೊಂಡರು. ನಗಬಾರದು ಅಂದುಕೊಂಡಷ್ಟೂ ನಗು ಉಕ್ಕುತ್ತಿತ್ತು ಪಾಪ, ಇಬ್ಬರಿಗೂ ಕಣ್ಣಲ್ಲಿ ನೀರು. ಅಂಕಲ್ ತಾವೂ ನಕ್ಕು ಟೀವಿ ಆರಿಸಿದರು. ‘ರೊಟ್ಟಿ ಆರ್‍ತಾವ, ಉಣ್ರಿ.’

ಅಷ್ಟಾದರೂ ನಾನು ಬುದ್ಧಿ ಕಲಿತೆನೇ? ಹ್ಯೂಸ್ಟನ್ ಕಡೆಯ ಗೆಳೆಯರು ಯುಗಾದಿಯ ವಿಡಿಯೋ ನೋಡಿ ಪಕ್ಕದ ಫುಲ್‌ಶೀರ್ ಊರಿನ ಕ್ಲಬ್‌ಹೌಸ್‌ನಲ್ಲಿ ಅದನ್ನೇ ಮಾಡಲು ಕರೆದರು. ನನ್ನ ಕಾರು ಕೆಟ್ಟು ನಿಂತಿತ್ತು. ಡ್ರೈವ್ ಮಾಡಿಕೊಂಡು ಕರೆದೊಯ್ದದ್ದು ಯಾರೆಂದುಕೊಂಡಿರಿ? ಅದೇ ಅಂಕಲ್. ತಮ್ಮ ದನಿಯನ್ನು ತಾವೇ ಕಾರಿನಲ್ಲಿ ಕೂರಿಸಿಕೊಂಡು, ಅಷ್ಟು ದೂರ ಹೋಗಿ, ಅಪರಿಚಿತರ ನಡುವೆ ಕೂತು ಕೇಳಿ, ವಾಪಸ್ ಹೊರಟರು. ಸುತ್ತ ಹೊಸ ಬಡಾವಣೆ, ಒಂದೇ ಥರದ ಇಟ್ಟಿಗೆ ಮನೆಗಳು, ನೆಟ್ಟು ಕೋಲು ಕಟ್ಟಿದ ಗಿಡಗಳು. ಹೆದ್ದಾರಿಗೆ ಬಂದ ಮೇಲೆ ಅವರು ಮಾತಾಡಿದರು.

‘ಭಾಳ ಛಲೋ ಮಾಡ್ತಿಯಪಾ ತಮ್ಮಾ. ಆದ್ರ ಒಂದು ತ್ರಾಸ ಆಗೇದ. ಈಗ ನಾ ಬಾಯಿ ತಗದ್ರ ನನಗ ನೀ ಮಾತಾಡಿದ್ಹಂಗ ಕೇಳಸ್ತದ.’

‘ಅಯ್ಯೋ ಬಿಡಿ ಅಂಕಲ್, ನಾನೆಲ್ಲಿ ನೀವೆಲ್ಲಿ.’

‘ಹೌದಲ್ಲೋ. ಮನ್ಯಾಗ ಗಂಭೀರ ಏನರ ಹೇಳಬೇಕಂದ್ರ ಬ್ಯಾರೆ ದನಿ ಎಲ್ಲಿಂದ ತರ್ಲಿ?’ ಸ್ವಲ್ಪ ದೂರ ಹೋದ ಮೇಲೆ, ಟ್ರಕ್ ಒಂದನ್ನು ದಾಟುತ್ತಾ ಹೇಳಿದರು: ‘ಡಬ್ಲಿನ್ ಬ್ಯಾಡ ಅಂತ ಬರದೆ.’

ನನ್ನ ಗಂಟಲಲ್ಲಿ ಹತ್ತಾರು ದನಿಗಳಿದ್ದವು. ಆ ಹೊತ್ತಿಗೆ ಹೊಂದುವಂಥದ್ದು ಒಂದೂ ಇರಲಿಲ್ಲ. ರೇಡಿಯೋ ಹಾಕಿದೆ.

ಮಗಳಿಗೆ ಇಪ್ಪತ್ತೊಂದಾದ ವಾರಾಂತ್ಯ ಎಲ್ಲರೂ ಆಸ್ಟಿನ್‌ಗೆ ಹೋದೆವು. ಅವಳ ಅಪಾರ್ಟ್‌ಮೆಂಟಿನಲ್ಲಿ ಕೇಕ್, ಆಂಟಿ ಕಟ್ಟಿ ತಂದ ಶೇಂಗಾ ಹೋಳಿಗೆ. ಬುದ್ಧಿ ಬಂದಾಗಿನಿಂದ ಟೆಕ್ಸಸ್ ಬಿಟ್ಟು ಬೇರೇನೂ ಕಾಣದ ಹುಡುಗಿ ಈಗ ಕಾಗದದ ಮೇಲೆ ಹೊರದೇಶದ ವಿದ್ಯಾರ್ಥಿನಿ. ಓದು ಮುಗಿದ ಮೇಲೆ ಕೆಲಸ ಹುಡುಕಬೇಕು, ಲಾಟರಿಯಲ್ಲಿ ವೀಸಾ ಸಿಗಬೇಕು, ಸಿಕ್ಕರೆ ಸಾಲಿನ ಬಾಲದಲ್ಲಿ ಹೋಗಿ ನಿಲ್ಲಬೇಕು. ಸಿಗದಿದ್ದರೆ, ತನಗೆ ನೆನಪೇ ಇಲ್ಲದ ಧಾರವಾಡ. ಅವಳು ಕೇಕಿನ ತುಂಡು ನನ್ನ ಬಾಯಿಗೆ ತುರುಕಿ ನಕ್ಕಳು. ‘ಅಣ್ಣಾ, ಯು ಆರ್ ಮೈ ಸೀನಿಯರ್ ನೌ.’ ನಿಜ. ಮೊನ್ನೆ ಮೊನ್ನೆ ಮೈಸೂರಿನಿಂದ ಬಂದ ನಾನು ಆ ಸಾಲಿನಲ್ಲಿ ಅವಳಿಗಿಂತ ಮುಂದಿದ್ದೆ. ನಾನು ಕಾರ್ಡಿನ ಮುಖ ನೋಡುವಷ್ಟರಲ್ಲಿ ಮುದುಕನಾಗಿರುತ್ತೇನೆ, ಆ ಮಾತು ಬೇರೆ.

ಅಂಕಲ್ ಸೋಫಾದ ಮೂಲೆಯಲ್ಲಿ ಕೂತು ತಟ್ಟೆಯಲ್ಲಿನ ಹೋಳಿಗೆಯ ಅಂಚು ಮುರಿಯುತ್ತಿದ್ದರು. ಫುಲ್‌ಶೀರ್‌ನಿಂದ ಬಂದ ಮೇಲೆ ಅವರ ಮಾತು ‘ಹೂಂ’, ‘ಆತು’, ‘ಉಂಡ್ಯಾ?’ ಇಷ್ಟಕ್ಕೆ ಇಳಿದಿತ್ತು. ನನಗೆ ತಡೆಯಲಾಗಲಿಲ್ಲ. ನಾನೇ ಕೆಡಿಸಿದ್ದನ್ನು ನಾನೇ ಸರಿ ಮಾಡುತ್ತೇನೆ ಅನ್ನಿಸಿತು. ಎದ್ದು ನಿಂತೆ.

‘ಆಂಟಿ, ಇನ್ನೊಂದ್ಸಲ ಯೋಚ್ನೆ ಮಾಡಿ. ಬೇರೆ ಕಂಪನಿಗಳೂ ಅಲ್ಲಿವೆ. ಅಂಕಲ್ ಅಪ್ಲೈ ಮಾಡ್ಲಿ, ಇವಳು ಮಾಸ್ಟರ್ಸ್‌ಗೆ ಅಲ್ಲಿಗೇ ಹೋಗ್ಲಿ. ತಮಾಷೆ ಅಲ್ಲ, ಸೀರಿಯಸ್ಸಾಗಿ ಹೇಳ್ತಿದೀನಿ. ಆ ದೇಶ ಮೊದಲು ಹೇಗಿತ್ತು ಗೊತ್ತಲ್ಲ...’

ಇಷ್ಟು ನನ್ನ ದನಿ. ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಐರ್ಲೆಂಡಿನ ಕಥೆಯನ್ನು ನಾನು ಕಲಿತದ್ದೇ ಒಂದು ಗಂಟಲಿನಿಂದ. ‘ದನಾ ಮಾರತಿದ್ರು’ ಅಂದೆ, ಮೂಗಿನ ಗೊರಗೊರ ಬಂತು. ತಡೆದು ಕೆಮ್ಮಿ ಮತ್ತೆ ಶುರು ಮಾಡಿದೆ. ‘ಬಾಗಲಾ ತಗದ್ರು’ ಅನ್ನುವಾಗ ಕೈ ತಾನಾಗಿ ಇಲ್ಲದ ಕ್ಲಿಕ್ಕರ್ ಒತ್ತಿತು. ನಗಿಸಲು ಒಂದಿಷ್ಟೂ ಮನಸ್ಸಿಲ್ಲದಿದ್ದರೂ, ದೇವರಾಣೆ, ಅಂಗೈ ಗೋಡೆಗೆ ಹೋಗಿ ಅಂಟಿಕೊಂಡಿತು.

ಈ ಸಲ ಯಾರೂ ನಗಲಿಲ್ಲ. ಮಗಳು ಅಪ್ಪನ ಮುಖ ನೋಡಿದಳು. ಅಂಕಲ್ ತಟ್ಟೆಯಿಂದ ಕಣ್ಣು ಎತ್ತಲಿಲ್ಲ. ಗೋಡೆಗೆ ಕೈ ಕೊಟ್ಟು ಹಾಗೇ ನಿಂತಿದ್ದ ನನ್ನ ಮುಂದೆ ಆಂಟಿ ಬಂದು, ನನ್ನ ಕೈಯನ್ನು ಅಲ್ಲಿಂದ ಕೆಳಗಿಳಿಸಿ, ದನಿ ಏರಿಸದೆ ಹೇಳಿದರು:

‘ಸಾಕು ಬಿಡಪಾ. ಆ ದೇಶದ ಸುದ್ದಿ ಹೇಳಾವ್ರು ನಮ್ಮ ಮನ್ಯಾಗ ಒಬ್ರು ಇದ್ರು. ಅವರ ಬಾಯಿ ನೀ ಮುಚ್ಚಿಸಿದಿ. ಈಗ ನಿಂದೂ ಮುಚ್ಚು.’