ಹನ್ನೊಂದು ಸಲ ರಂಗಮ್ಮ

ಅರಸೀಕೆರೆಯ ಒಂದು ಆಫೀಸಲ್ಲಿ ರೇಷನ್ ಕಾರ್ಡ್ ಅರ್ಜಿಗಳ ಡೇಟಾಬೇಸ್ ತೆವಳ್ತಿದೆ ಅಂತ ಇವತ್ತು ರಿಪೇರಿಗೆ ಹೋಗಿದ್ದೆ ಕಣ್ರಪ್ಪ. ನಾಲ್ಕು ಕಂಪ್ಯೂಟರಿಗೆ ಒಂದೇ ಹಳೇ ಫೈಲು. ಒಂದು ಹೆಸರು ಹುಡುಕೋಕೆ ಕೊಟ್ಟು ಟೀ ಕುಡಿದು ಬಂದ್ರೂ ಇನ್ನೂ ಹುಡುಕ್ತಾನೇ ಇತ್ತು.

ಒಳಗೆ ನೋಡಿದ್ರೆ ಕಣಕಟ್ಟೆಯ ರಂಗಮ್ಮ ಒಬ್ಬರೇ ಹನ್ನೊಂದು ಸಲ ಇದ್ದಾರೆ. ಅಂಥವರು ಇನ್ನೂ ನೂರಾರು ಜನ. ನನಗೆ ರೇಗಿಹೋಯ್ತು. "ಏನ್ರೀ ಇದು?" ಅಂತ ಗುಮಾಸ್ತ ಶಿವಣ್ಣನವರನ್ನ ಕೇಳಿದೆ.

"ತಿಂಗಳಿಗೊಂದ್ಸಲ ಬಸ್ ಹತ್ಕಂಡು ಬತ್ತಾರೆ ಸಾರ್. ಕಾರ್ಡು ಇನ್ನೂ ಬಂದಿಲ್ಲ ಅನ್ನಕ್ಕೆ ಬಾಯೇ ಬರಲ್ಲ. ಎದುರಿಗೇ ಇನ್ನೊಂದ್ಸಲ ಟೈಪ್ ಮಾಡಿದ್ರೆ, ಇವತ್ತು ಏನೋ ಕೆಲಸ ಆಯ್ತು ಅಂತ ನೆಮ್ಮದಿಯಾಗಿ ಹೋಯ್ತಾರೆ."

ಬೈದು, ಒಬ್ಬರಿಗೆ ಒಂದೇ ಅರ್ಜಿ ಉಳಿಸಿ ಮಿಕ್ಕಿದ್ದೆಲ್ಲ ಅಳಿಸಿದೆ. ಫೈಲು ಕುದುರೆ ಹಾಗೆ ಓಡ್ತು.

ಮಧ್ಯಾಹ್ನ ರಂಗಮ್ಮನವರೇ ಬಸ್ಸಿಳಿದು ಸೀದಾ ಬಂದ್ರು. ಶಿವಣ್ಣ ಹೆಸರು ಹೊಡೆದ ಕೂಡಲೇ ಸ್ಕ್ರೀನ್ ಮೇಲೆ ಬಂತು: ಅರ್ಜಿ ಬಾಕಿ ಇದೆ.

"ಏನಂತೈತಪ್ಪಾ ಅದು?" ಅಂದ್ರು ಅಜ್ಜಿ. ಶಿವಣ್ಣ ನನ್ನ ಮುಖ ನೋಡಿದ್ರು.

ಕೀಬೋರ್ಡ್ ನನ್ನ ಕಡೆ ಎಳ್ಕೊಂಡೆ. "ನಿಮ್ಮ ಹೆಸರು ಹೇಳಿ ಅಜ್ಜಿ" ಅಂದೆ.

ರಂಗಮ್ಮ ಈಗ ಎರಡು ಸಲ ಇದ್ದಾರೆ. ಡೇಟಾಬೇಸ್ ಪೂರ್ತಿ ಸರಿಹೋಗಿದೆ ಅಂತ ಬರೆದುಕೊಟ್ಟು ಬಂದಿದ್ದೀನಿ.